‘ಎಲ್ಲರಿಗೂ ಸ್ವಾಗತ’ ಎಂಬ ಫಲಕದಾಚೆಗೆ: ಲೂಥರನ್ ಸಭೆಗಳು ಮತ್ತು ಲೈಂಗಿಕ ಅಲ್ಪಸಂಖ್ಯಾತರು

(ಕೂಟದ ಉಪನ್ಯಾಸ ಮಾಲೆಯಲ್ಲಿ ನೀಡಲಾದ ಅತಿಥಿ ಉಪನ್ಯಾಸದ ಬರಹ ರೂಪ)



ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರಿಗೆ ಚರ್ಚಿನ ಕಟ್ಟಡ ಅಪರಿಚಿತವಲ್ಲ. ಯುಗಾದಿಯ ಊಟವೋ, ಮಕ್ಕಳ ಕನ್ನಡ ತರಗತಿಯೋ, ರಾಜ್ಯೋತ್ಸವದ ನಾಟಕವೋ ಚರ್ಚೊಂದರ ಸಭಾಂಗಣದಲ್ಲಿ ನಡೆಯುವುದು ಅನೇಕ ಊರುಗಳಲ್ಲಿ ವಾಡಿಕೆ. ಅಂಥ ಕೆಲವು ಚರ್ಚುಗಳ ಬಾಗಿಲಲ್ಲಿ ಕಾಮನಬಿಲ್ಲಿನ ಬಣ್ಣಗಳ ಬಾವುಟವಿರುವುದನ್ನು ನಮ್ಮಲ್ಲಿ ಹಲವರು ಗಮನಿಸಿರಬಹುದು. ಸಲಿಂಗಾಸಕ್ತರು, ದ್ವಿಲಿಂಗಾಸಕ್ತರು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಮೊದಲಾಗಿ ‘ಎಲ್‌ಜಿಬಿಟಿಕ್ಯೂ’ ಎಂಬ ಸಂಕ್ಷಿಪ್ತ ನಾಮದಿಂದ ಕರೆಯಲ್ಪಡುವ ಜನರಿಗೆ ಇಲ್ಲಿ ಸ್ಥಾನವಿದೆ ಎಂಬುದು ಅದರ ಇಂಗಿತ. ಆ ಬಾವುಟ ಅಲ್ಲಿಗೆ ಬರುವ ಮುನ್ನ ಸಭೆಯೊಳಗೆ ಏನೆಲ್ಲ ನಡೆದಿರುತ್ತದೆ, ಅಂಥ ಸ್ವಾಗತವನ್ನು ಹೇಗೆ ಕಟ್ಟಲಾಗುತ್ತದೆ ಎಂಬುದನ್ನು ಲೂಥರನ್ ಚರ್ಚಿನ ನಿದರ್ಶನದ ಮೂಲಕ ವಿವರಿಸುವುದು ಈ ಉಪನ್ಯಾಸದ ಉದ್ದೇಶ. ಇಲ್ಲಿ ‘ಸಭೆ’ ಎಂದಾಗಲೆಲ್ಲ ಒಂದು ಊರಿನ ಚರ್ಚಿಗೆ ಸೇರಿದ ಭಕ್ತಸಮುದಾಯ ಎಂದೇ ಅರ್ಥ.

ಪರಂಪರೆಯ ಹಿನ್ನೆಲೆ

1517ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಿಂದ ಹುಟ್ಟಿದ್ದು ಈ ಪರಂಪರೆ. ಮನುಷ್ಯನು ದೇವರ ಸಮ್ಮತಿಯನ್ನು ತನ್ನ ಪುಣ್ಯಕಾರ್ಯಗಳಿಂದ ಗಳಿಸಲಾರ. ಅದು ಕೃಪೆಯಾಗಿ ದೊರಕುತ್ತದೆ, ನಂಬಿಕೆಯಿಂದ ಅದನ್ನು ಸ್ವೀಕರಿಸಬೇಕು ಎಂಬುದು ಅದರ ತಿರುಳು. 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣವು ಚರ್ಚಿನ ಐಕ್ಯಕ್ಕೆ ಸುವಾರ್ತೆಯ ಶುದ್ಧ ಬೋಧನೆ ಮತ್ತು ಸಂಸ್ಕಾರಗಳ ಯಥೋಚಿತ ಆಚರಣೆ ಸಾಕು, ಮಾನವನಿರ್ಮಿತ ಪದ್ಧತಿಗಳು ಎಲ್ಲೆಡೆ ಒಂದೇ ಆಗಿರಬೇಕಾಗಿಲ್ಲ ಎಂದು ಸಾರಿತು. ಮುಂದೆ ಬಂದ ವಿವಾದದಲ್ಲಿ ಎರಡು ಪಕ್ಷದವರೂ ಈ ಮೂಲಗಳನ್ನೇ ಆಧರಿಸಿ ವಾದಿಸಿದರು. ಕೃಪೆಗೆ ಷರತ್ತಿಲ್ಲವೆಂದ ಮೇಲೆ ಹೊರಗಿಡುವುದೆಂತು ಎಂದು ಒಬ್ಬರು ಕೇಳಿದರೆ, ಧರ್ಮಗ್ರಂಥವೇ ಪರಮ ಪ್ರಮಾಣವೆಂದ ಮೇಲೆ ಅದರ ನಿಷೇಧಗಳನ್ನು ಮೀರುವುದೆಂತು ಎಂದು ಇನ್ನೊಬ್ಬರು ಕೇಳಿದರು.

ಕನ್ನಡಕ್ಕೂ ಈ ಪರಂಪರೆಗೂ ಒಂದು ಹಳೆಯ ಸಂಬಂಧವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಪರಂಪರೆಗಳು ಕೂಡಿದ್ದವು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲ್ ಆ ಮಿಶನ್ನಿನವರೇ. ಆ ಮಿಶನ್ನಿನ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಅಂಗವಾಗಿವೆ.

ಅಮೆರಿಕದಲ್ಲಿ ‘ಲೂಥರನ್’ ಎಂಬ ಹೆಸರು ಒಂದೇ ನಿಲುವನ್ನು ಸೂಚಿಸುವುದಿಲ್ಲ. ಮೂರು ಚರ್ಚುಗಳ ವಿಲೀನದಿಂದ 1988ರಲ್ಲಿ ಕಾರ್ಯಾರಂಭ ಮಾಡಿದ, ಶಿಕಾಗೋದಲ್ಲಿ ಕೇಂದ್ರ ಕಚೇರಿಯುಳ್ಳ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ (ಸಂಕ್ಷೇಪವಾಗಿ ಇ.ಎಲ್.ಸಿ.ಎ.) ಇವುಗಳಲ್ಲಿ ದೊಡ್ಡದು. ಮಿಸೌರಿ ಸಿನಡ್ ಮತ್ತು ವಿಸ್ಕಾನ್ಸಿನ್ ಸಿನಡ್ ಎಂಬ ಇನ್ನೆರಡು ಲೂಥರನ್ ಚರ್ಚುಗಳು ಸಲಿಂಗ ಸಂಬಂಧಗಳನ್ನು ಇಂದಿಗೂ ಒಪ್ಪುವುದಿಲ್ಲ. ನಾವು ಮುಂದೆ ಹೇಳುವುದು ಮುಖ್ಯವಾಗಿ ಇ.ಎಲ್.ಸಿ.ಎ.ಗೆ ಸಂಬಂಧಿಸಿದ್ದು.

ಮೂರೂವರೆ ದಶಕಗಳ ಹಾದಿ

1974ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಕೆಲವೇ ಮಂದಿ ಸೇರಿ ‘ಲೂಥರನ್ಸ್ ಕನ್ಸರ್ನ್ಡ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 2012ರಿಂದ ಅದರ ಹೆಸರು ‘ರೆಕನ್ಸೈಲಿಂಗ್ ವರ್ಕ್ಸ್’. ಸಲಿಂಗಾಸಕ್ತರನ್ನು ಬಹಿರಂಗವಾಗಿ ಸ್ವಾಗತಿಸುವ ಸಭೆಗಳನ್ನು ಗುರುತಿಸುವ ‘ರೆಕನ್ಸೈಲಿಂಗ್ ಇನ್ ಕ್ರೈಸ್ಟ್’ ಎಂಬ ಯೋಜನೆಯನ್ನು ಈ ಸಂಸ್ಥೆ 1980ರ ದಶಕದಲ್ಲಿ ಆರಂಭಿಸಿತು. ಕ್ರಿಸ್ತನಲ್ಲಿ ಸಮಾಧಾನಗೊಳ್ಳುವುದು, ಮುರಿದ ಸಂಬಂಧ ಕೂಡಿಕೊಳ್ಳುವುದು ಎಂಬುದು ಆ ಹೆಸರಿನ ಭಾವಾರ್ಥ.

ಆಗಿನ ನಿಯಮದಂತೆ ಸಲಿಂಗಾಸಕ್ತರು ಸಭಾಪಾಲಕರಾಗಬೇಕಾದರೆ ಜೀವನಪೂರ್ತಿ ಬ್ರಹ್ಮಚರ್ಯವನ್ನು ಪಾಲಿಸಬೇಕಾಗಿತ್ತು. 1990ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸೇಂಟ್ ಫ್ರಾನ್ಸಿಸ್ ಮತ್ತು ಫಸ್ಟ್ ಯುನೈಟೆಡ್ ಎಂಬ ಎರಡು ಸಭೆಗಳು ಈ ನಿಯಮಕ್ಕೆ ಒಪ್ಪದೆ ಜೆಫ್ ಜಾನ್ಸನ್, ರೂತ್ ಫ್ರಾಸ್ಟ್, ಫಿಲ್ಲಿಸ್ ಜಿಲ್‌ಹಾರ್ಟ್ ಎಂಬ ಮೂವರಿಗೆ ದೀಕ್ಷೆ ಕೊಡಿಸಿದವು. ಚರ್ಚಿನ ನ್ಯಾಯವಿಚಾರಣೆ ನಡೆದು ಆ ಸಭೆಗಳು ಅಮಾನತಿಗೊಳಗಾದುವು. 1995ರ ಕೊನೆಗೆ ಎರಡನ್ನೂ ಹೊರಹಾಕಲಾಯಿತು. ಆದರೂ ಅವು ಮುಚ್ಚಲಿಲ್ಲ. ಹೊರಗಿದ್ದುಕೊಂಡೇ ಲೂಥರನ್ ಆರಾಧನೆಯನ್ನು ನಡೆಸಿಕೊಂಡು ಬಂದವು.

2005ರಲ್ಲಿ ಒರ್ಲ್ಯಾಂಡೊದ ಮಹಾಸಭೆಯಲ್ಲಿ ನಿಯಮವನ್ನು ಸಡಿಲಿಸುವ ಪ್ರಯತ್ನ ಸೋತಿತು. 2007ರ ಮಹಾಸಭೆ ಶಿಸ್ತುಕ್ರಮ ಕೈಗೊಳ್ಳುವುದರಲ್ಲಿ ಸಂಯಮವಿರಲೆಂದು ಬಿಷಪ್ಪರನ್ನು ಕೇಳಿಕೊಂಡಿತು. ಕೊನೆಗೆ 2009ರ ಆಗಸ್ಟಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ಕೂಡಿದ ಮಹಾಸಭೆಯ ಮುಂದೆ ಎರಡು ವಿಷಯಗಳು ಬಂದವು. ಮಾನವ ಲೈಂಗಿಕತೆಯನ್ನು ಕುರಿತ ಸಾಮಾಜಿಕ ಹೇಳಿಕೆಗೆ ಮೂರನೆಯ ಎರಡು ಭಾಗದ ಬಹುಮತ ಅಗತ್ಯವಿತ್ತು. ಪರವಾಗಿ 676, ವಿರುದ್ಧವಾಗಿ 338 ಮತಗಳು ಬಿದ್ದವು. ಲೆಕ್ಕ ಹಾಕಿದರೆ ಅದು ಸರಿಯಾಗಿ ಮೂರನೆಯ ಎರಡು ಭಾಗ. ಒಂದು ಮತ ಅತ್ತಿತ್ತಾಗಿದ್ದರೂ ಹೇಳಿಕೆ ಬಿದ್ದುಹೋಗುತ್ತಿತ್ತು. ಅದೇ ದಿನ ಸುಂಟರಗಾಳಿ ಬೀಸಿ ಪಕ್ಕದ ಸೆಂಟ್ರಲ್ ಲೂಥರನ್ ಚರ್ಚಿನ ಗೋಪುರಕ್ಕೆ ಹಾನಿಯಾಯಿತು. ಅದನ್ನು ದೈವದ ಎಚ್ಚರಿಕೆಯೆಂದು ವ್ಯಾಖ್ಯಾನಿಸಿದವರೂ ಇದ್ದರು. ಎರಡು ದಿನಗಳ ನಂತರ, ಆಜೀವ ಬದ್ಧತೆಯ ಸಲಿಂಗ ಸಂಬಂಧದಲ್ಲಿರುವವರೂ ಸಭಾಪಾಲಕರಾಗಬಹುದೆಂಬ ನಿರ್ಣಯ 559–451 ಮತಗಳಿಂದ ಅಂಗೀಕೃತವಾಯಿತು. 2010ರ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಳು ಮಂದಿ ಪಾಲಕರನ್ನು ವಿಧಿಪೂರ್ವಕವಾಗಿ ಚರ್ಚಿನ ಪಟ್ಟಿಗೆ ಸೇರಿಸಿಕೊಳ್ಳಲಾಯಿತು. ಹೊರಹಾಕಲ್ಪಟ್ಟಿದ್ದ ಎರಡು ಸಭೆಗಳೂ ಅನಂತರ ಮರಳಿದವು. 2013ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಸಿನಡ್ ಒಂದು ಗೈ ಅರ್ವಿನ್ ಅವರನ್ನು ಆರಿಸಿದಾಗ ಇ.ಎಲ್.ಸಿ.ಎ.ಗೆ ಬಹಿರಂಗವಾಗಿ ಸಲಿಂಗಾಸಕ್ತರೆಂದು ಹೇಳಿಕೊಂಡ ಮೊದಲ ಬಿಷಪ್ ದೊರೆತರು.

ಭಿನ್ನಮತಕ್ಕೂ ಒಂದು ಸ್ಥಾನ

2009ರ ಹೇಳಿಕೆಯ ವೈಶಿಷ್ಟ್ಯವೆಂದರೆ ಅದು ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದಾರೆಂದು ನಟಿಸಲಿಲ್ಲ. ಸಲಿಂಗ ಸಂಬಂಧವನ್ನು ಪಾಪವೆಂದು ತಿಳಿಯುವವರಿಂದ ಹಿಡಿದು ಅದನ್ನು ವಿವಾಹಕ್ಕೆ ಸಮಾನವೆಂದು ಎಣಿಸುವವರವರೆಗೆ ನಾಲ್ಕು ನಿಲುವುಗಳನ್ನು ಅದು ಪಟ್ಟಿ ಮಾಡಿ, ನಾಲ್ಕೂ ಶ್ರದ್ಧಾವಂತರಾದ ಲೂಥರನ್ನರಲ್ಲಿವೆ ಎಂದಿತು. ಇದಕ್ಕೆ ಆಧಾರ ‘ಬದ್ಧ ಮನಸ್ಸಾಕ್ಷಿ’ ಎಂಬ ಕಲ್ಪನೆ. 1521ರಲ್ಲಿ ವರ್ಮ್ಸ್ ನಗರದ ರಾಜಸಭೆಯ ಎದುರು ಲೂಥರ್ ತನ್ನ ಮನಸ್ಸಾಕ್ಷಿ ದೇವವಾಕ್ಯಕ್ಕೆ ಕಟ್ಟುಬಿದ್ದಿದೆಯೆಂದು ನಿಂತ ಪ್ರಸಂಗವನ್ನು ಇದು ನೆನಪಿಸುತ್ತದೆ.

ಈ ಚರ್ಚಿನಲ್ಲಿ ಪಾಲಕರನ್ನು ಆಯಾ ಸಭೆಯೇ ಮತ ಹಾಕಿ ಕರೆಯುತ್ತದೆ. ಮೇಲಿನಿಂದ ಯಾರನ್ನೂ ಹೇರುವುದಿಲ್ಲ. ಹೀಗಾಗಿ ಮಹಾಸಭೆಯ ನಿರ್ಣಯ ಬಾಗಿಲಿನ ಅಗುಳಿಯನ್ನು ತೆಗೆಯಿತೇ ಹೊರತು ಬಾಗಿಲನ್ನು ತೆರೆಯುವ ಹೊಣೆ ಪ್ರತಿಯೊಂದು ಸಭೆಯ ಮೇಲೆಯೇ ಉಳಿಯಿತು. ಒಳಗೊಳ್ಳುವಿಕೆಯನ್ನು ‘ಕಟ್ಟುವ’ ಕೆಲಸ ನಿಜವಾಗಿ ಆರಂಭವಾಗುವುದು ಇಲ್ಲಿಂದಲೇ.

ಸ್ವಾಗತವನ್ನು ಕಟ್ಟುವ ಬಗೆ

ಹೆಚ್ಚಿನ ಸಭೆಗಳಲ್ಲಿ ಮೊದಲು ಏಳುವ ಆಕ್ಷೇಪಣೆ ಇದು: ‘ನಾವು ಎಲ್ಲರನ್ನೂ ಸ್ವಾಗತಿಸುತ್ತೇವೆ, ಒಂದು ಗುಂಪನ್ನು ಪ್ರತ್ಯೇಕವಾಗಿ ಹೆಸರಿಸುವುದೇಕೆ?’ ಈ ಮಾತಿನಲ್ಲಿ ಕಪಟವಿಲ್ಲ. ಆದರೆ ಕೇಳುವವರ ಕಡೆಯಿಂದ ನೋಡಿದರೆ ಸಂಗತಿ ಬೇರೆಯಾಗಿ ತೋರುತ್ತದೆ. ಒಬ್ಬ ಯುವಕ ಅಥವಾ ಯುವತಿ ಇನ್ನೊಂದು ಚರ್ಚಿನಲ್ಲಿ ಇದೇ ಫಲಕವನ್ನು ಓದಿ ಒಳಹೊಕ್ಕು, ತನ್ನ ಸ್ವಭಾವವನ್ನು ಹೇಳಿಕೊಂಡ ದಿನ ಹೊರಗೆ ಕಳುಹಿಸಲ್ಪಟ್ಟಿರಬಹುದು. ಅಂಥವರಿಗೆ ‘ಎಲ್ಲರೂ’ ಎಂಬ ಪದದೊಳಗೆ ತಾನಿದ್ದೇನೆಯೋ ಇಲ್ಲವೋ ತಿಳಿಯುವ ಉಪಾಯವಿಲ್ಲ. ತಿಳಿಯಬೇಕಾದರೆ ತನ್ನನ್ನೇ ಪಣಕ್ಕೊಡ್ಡಿ ಪರೀಕ್ಷಿಸಬೇಕು. ಹೆಸರಿಟ್ಟು ಕರೆಯುವುದೆಂದರೆ ಆ ಅಪಾಯದ ಭಾರವನ್ನು ಅತಿಥಿಯ ಹೆಗಲಿನಿಂದ ಇಳಿಸಿ ಆತಿಥೇಯರು ಹೊತ್ತುಕೊಳ್ಳುವುದು. ಈ ವಿಷಯದ ಸಾರವೆಲ್ಲ ಇದರಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಆದ್ದರಿಂದ ‘ರೆಕನ್ಸೈಲಿಂಗ್ ಇನ್ ಕ್ರೈಸ್ಟ್’ ಎಂದು ಗುರುತಿಸಲ್ಪಡಬೇಕಾದ ಸಭೆ ತನ್ನ ಸ್ವಾಗತ ಹೇಳಿಕೆಯಲ್ಲಿ ಲೈಂಗಿಕ ಒಲವು, ಲಿಂಗತ್ವದ ಗುರುತು ಮತ್ತು ಅದರ ಅಭಿವ್ಯಕ್ತಿಗಳನ್ನು ಸ್ಪಷ್ಟವಾಗಿ ಹೆಸರಿಸಬೇಕು. ಜನಾಂಗೀಯ ಸಮಾನತೆಗಾಗಿ ದುಡಿಯುವ ಸಂಕಲ್ಪವನ್ನೂ ಇಂದು ಅದರೊಡನೆ ಕೇಳಲಾಗುತ್ತದೆ. ಎಲ್‌ಜಿಬಿಟಿಕ್ಯೂ ಪಾಲಕರನ್ನು ಕರೆಯಲು ಮನಸ್ಸು ತೆರೆದಿರಬೇಕು. ಕಟ್ಟಡವನ್ನು ಅಂಥವರ ವಿವಾಹ ಮತ್ತು ಸಮಾರಂಭಗಳಿಗೆ ಒದಗಿಸಬೇಕು. ವರ್ಷಕ್ಕೊಮ್ಮೆ ಈ ಕಾರ್ಯಕ್ಕಾಗಿ ಧನಸಹಾಯ ನೀಡಬೇಕು. ಹೇಳಿಕೆ ಕೇವಲ ಸದ್ಭಾವನೆಯ ನುಡಿಯಾಗಿ ಉಳಿಯದಿರಲೆಂಬುದು ಈ ಷರತ್ತುಗಳ ಆಶಯ.

ಹೇಳಿಕೆಯನ್ನು ಬರೆಯುವುದು ಒಂದು ಸಂಜೆಯ ಕೆಲಸ. ಅದಕ್ಕೆ ಸಭೆಯನ್ನು ಸಿದ್ಧಗೊಳಿಸುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕೆಲಸ. ಮೊದಲು ಸಭೆಯ ವಿವಿಧ ವಯೋಮಾನ ಮತ್ತು ಅಭಿಪ್ರಾಯಗಳ ಕೆಲವರ ಚಿಕ್ಕ ತಂಡ ರಚನೆಯಾಗುತ್ತದೆ. ಪಾಲಕರೊಬ್ಬರೇ ಮುಂದಾಗಿ ನಡೆಸಿದರೆ ಅವರು ವರ್ಗವಾದ ದಿನ ಕೆಲಸವೂ ಹೋಗುವ ಭಯವಿರುವುದರಿಂದ ಸದಸ್ಯರೇ ಹೊಣೆ ಹೊರುವುದು ಲೇಸು. ಬಳಿಕ ತಂಡದವರು ಇತರ ಸದಸ್ಯರೊಡನೆ ಒಬ್ಬೊಬ್ಬರಾಗಿ ಕುಳಿತು ಮಾತನಾಡುತ್ತಾರೆ. ಸೌಜನ್ಯದ ಸಂವಾದವೆಂದು ಕರೆಯಬಹುದಾದ ಈ ವಿಧಾನದಲ್ಲಿ ವಾದ ಗೆಲ್ಲುವುದು ಗುರಿಯಲ್ಲ. ಎದುರಿನವರ ಅನುಭವವನ್ನು ಕೇಳುವುದು, ತಮ್ಮದನ್ನು ಹೇಳುವುದು, ಇಬ್ಬರಿಗೂ ಸಮಾನವಾದ ಮೌಲ್ಯವನ್ನು ಹುಡುಕುವುದು, ಇಷ್ಟೇ ಕ್ರಮ. ಬಹಿರಂಗ ಸಭೆಯಲ್ಲಿ ತುಟಿ ಬಿಚ್ಚದ ಹಿರಿಯರೊಬ್ಬರು ಇಂಥ ಏಕಾಂತದ ಮಾತಿನಲ್ಲಿ ದೂರವಾದ ತಮ್ಮ ಮಗನನ್ನೋ ಸೋದರಿಯನ್ನೋ ಮೊದಲ ಬಾರಿ ನೆನೆಯುವ ಸಾಧ್ಯತೆಯಿರುತ್ತದೆ.

ಜೊತೆಜೊತೆಗೆ ಬೈಬಲ್ ಅಧ್ಯಯನವೂ ನಡೆಯುತ್ತದೆ. ಯಾಜಕಕಾಂಡದ ನಿಷೇಧ, ರೋಮಾಪುರದವರಿಗೆ ಪೌಲನು ಬರೆದ ಪತ್ರದ ಮೊದಲ ಅಧ್ಯಾಯ ಇವುಗಳನ್ನು ಬದಿಗೊತ್ತದೆ, ಅವು ಯಾವ ಕಾಲದ ಯಾವ ಆಚರಣೆಯನ್ನು ಕುರಿತವು ಎಂದು ಪರಿಶೀಲಿಸಲಾಗುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಫಿಲಿಪ್ಪನು ಇಥಿಯೋಪಿಯದ ಕಂಚುಕಿಗೆ ದೀಕ್ಷಾಸ್ನಾನ ಕೊಟ್ಟ ಕಥೆಯನ್ನೂ, ಅನ್ಯಜನರನ್ನು ಸೇರಿಸಿಕೊಳ್ಳುವ ಬಗೆಗೆ ಆದಿಸಭೆಯೊಳಗೆ ಎದ್ದ ವಿವಾದವನ್ನೂ ಓದಲಾಗುತ್ತದೆ. ಇ.ಎಲ್.ಸಿ.ಎ.ಯ ಪೂರ್ವಜ ಚರ್ಚುಗಳಲ್ಲಿ ಎರಡು 1970ರಲ್ಲಿ ಸ್ತ್ರೀಯರಿಗೆ ಪಾಲಕ ದೀಕ್ಷೆ ನೀಡಲು ತೀರ್ಮಾನಿಸಿದಾಗಲೂ ಇಂಥದೇ ಮರುಓದು ನಡೆದಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಮತದಾನ ಬರುವುದು ಇವೆಲ್ಲ ಆದ ಮೇಲೆ. ಅಲ್ಪ ಬಹುಮತದಿಂದ ಗೆದ್ದು ಅರ್ಧ ಸಭೆಯನ್ನು ಕಳೆದುಕೊಳ್ಳುವುದಕ್ಕಿಂತ ಕಾಯುವುದು ವಿವೇಕ. ಆದರೆ ಕಾಯುವಿಕೆಯ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಯೂ ಇದೆ. ಸಭೆ ತನ್ನ ಏಕತೆಯನ್ನು ಕಾಪಾಡಿಕೊಳ್ಳುತ್ತಿರುವಷ್ಟೂ ಕಾಲ ಹಿಂದಿನ ಸಾಲಿನಲ್ಲಿ ಒಬ್ಬರು ಬಾಯಿ ಮುಚ್ಚಿ ಕುಳಿತಿರುತ್ತಾರೆ. ಈ ಎರಡರ ನಡುವೆ ಸುಲಭದ ದಾರಿಯಿಲ್ಲ.

ಹೇಳಿಕೆಯ ಅನಂತರದ್ದು ಸಣ್ಣ ಸಣ್ಣ ಕೆಲಸಗಳು. ಸದಸ್ಯತ್ವದ ಅರ್ಜಿಯಲ್ಲಿ ‘ಪತಿ’, ‘ಪತ್ನಿ’ ಎಂಬ ಅಂಕಣಗಳನ್ನು ತಿದ್ದುವುದು, ಟ್ರಾನ್ಸ್‌ಜೆಂಡರ್ ಸದಸ್ಯರನ್ನು ಅವರು ಆರಿಸಿಕೊಂಡ ಹೆಸರಿನಿಂದಲೇ ಕರೆಯುವುದು, ಎಲ್ಲರೂ ಬಳಸಬಹುದಾದ ಶೌಚಾಲಯವೊಂದನ್ನು ಗೊತ್ತುಪಡಿಸುವುದು, ಪ್ರಾರ್ಥನೆಯಲ್ಲಿ ಎಲ್ಲ ಬಗೆಯ ಕುಟುಂಬಗಳನ್ನೂ ನೆನೆಯುವುದು. ಹೊಸಬರನ್ನು ಸಮಿತಿಗೆ ಸೇರಿಸುವುದು, ವಾಚನಕ್ಕೆ ಕರೆಯುವುದು, ಪ್ರಭುಭೋಜನ ಬಡಿಸುವ ಸೇವೆ ಒಪ್ಪಿಸುವುದು ಇವುಗಳಿಗಿಂತಲೂ ಮುಖ್ಯ. ಅತಿಥಿಯಾಗಿಯೇ ಉಳಿದವನು ಮನೆಯವನಾಗುವುದಿಲ್ಲ.

ತೆತ್ತ ಬೆಲೆ, ಉಳಿದ ಪ್ರಶ್ನೆಗಳು

2009ರ ನಿರ್ಣಯದ ನಂತರ ನೂರಾರು ಸಭೆಗಳು ಇ.ಎಲ್.ಸಿ.ಎ.ಯನ್ನು ತೊರೆದವು; 2010ರಲ್ಲಿ ನಾರ್ತ್ ಅಮೆರಿಕನ್ ಲೂಥರನ್ ಚರ್ಚ್ ಎಂಬ ಹೊಸ ಸಂಘಟನೆ ಹುಟ್ಟಿತು. 2009ರಲ್ಲಿಯೇ ಸಲಿಂಗ ವಿವಾಹವನ್ನು ನೆರವೇರಿಸಲು ಒಪ್ಪಿದ ಸ್ವೀಡನ್ನಿನ ಚರ್ಚಿನೊಡನೆಯೂ ಇ.ಎಲ್.ಸಿ.ಎ.ಯೊಡನೆಯೂ ಇಥಿಯೋಪಿಯದ ಮೆಕಾನೆ ಯೇಸಸ್ ಚರ್ಚು 2013ರಲ್ಲಿ ಸಂಬಂಧ ಕಡಿದುಕೊಂಡಿತು. ಇನ್ನೊಂದು ಕಡೆ, ‘ಬದ್ಧ ಮನಸ್ಸಾಕ್ಷಿ’ಯ ಹೆಸರಿನಲ್ಲಿ ತಮ್ಮ ಬದುಕು ಎಂದೆಂದಿಗೂ ಚರ್ಚೆಯ ವಸ್ತುವಾಗಿಯೇ ಉಳಿಯುತ್ತದೆಯೆಂದು ಎಲ್‌ಜಿಬಿಟಿಕ್ಯೂ ಸದಸ್ಯರು ನೊಂದುಕೊಳ್ಳುತ್ತಾರೆ. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಲಿಂಗ ವಿವಾಹವನ್ನು ದೇಶದಾದ್ಯಂತ ಮಾನ್ಯ ಮಾಡಿತು. ಹಳೆಯ ಹೇಳಿಕೆಯನ್ನು ಮರುಪರಿಶೀಲಿಸಬೇಕೆಂದು 2022ರ ಮಹಾಸಭೆ ತೀರ್ಮಾನಿಸಿತು.

ಒಂದು ಬಾಗಿಲು ತೆರೆದ ಮಾತ್ರಕ್ಕೆ ಉಳಿದವು ತಾವಾಗಿಯೇ ತೆರೆದುಕೊಳ್ಳುವುದಿಲ್ಲ. 2021ರಲ್ಲಿ ಈ ಚರ್ಚಿನ ಮೊದಲ ಟ್ರಾನ್ಸ್‌ಜೆಂಡರ್ ಬಿಷಪ್ಪರ ಆಯ್ಕೆ ಲೋಕದ ಗಮನ ಸೆಳೆಯಿತು. ಮರುವರ್ಷವೇ, ಲ್ಯಾಟಿನೊ ಸಭೆಯೊಂದರ ಪಾಲಕರನ್ನು ತೆಗೆದ ರೀತಿಯ ಬಗೆಗೆ ಎದ್ದ ವಿವಾದದ ನಡುವೆ ಅವರು ರಾಜೀನಾಮೆ ಇತ್ತರು. ಎಂಟು ಸಾವಿರಕ್ಕೂ ಮಿಕ್ಕ ಸಭೆಗಳಿರುವ ಇ.ಎಲ್.ಸಿ.ಎ.ಯಲ್ಲಿ ಹೆಸರಿಟ್ಟು ಸ್ವಾಗತಿಸುವ ಹೇಳಿಕೆಯನ್ನು ಅಂಗೀಕರಿಸಿದ ಸಭೆಗಳ ಸಂಖ್ಯೆ ಸಾವಿರವನ್ನು ದಾಟಿದೆ. ಇದು ದೊಡ್ಡ ಸಂಖ್ಯೆಯೇ ಸರಿ. ಆದರೆ ಬಹುಪಾಲು ಸಭೆಗಳು ಇನ್ನೂ ಆ ಮಾತನ್ನು ಆಡಿಲ್ಲವೆಂಬುದೂ ಅಷ್ಟೇ ನಿಜ.

ನಮಗೆ ಇದರಿಂದೇನು?

ಭಾರತದಲ್ಲಿ 1860ರ ವಸಾಹತು ಕಾಲದ ದಂಡಸಂಹಿತೆಯ 377ನೆಯ ಕಲಮಿನಡಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಾಗಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಅದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಕರ್ನಾಟಕ ಸರಕಾರ 2021ರಲ್ಲಿ ತನ್ನ ಸೇವೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1 ಮೀಸಲಾತಿ ಕಲ್ಪಿಸಿತು. ಕಾನೂನು ಇಷ್ಟು ಮಾಡಬಲ್ಲುದು. ಪಂಕ್ತಿಯಲ್ಲಿ ಪಕ್ಕದ ಎಲೆಯನ್ನು ಹಾಕುವ ಕೆಲಸ ಸಮುದಾಯದ್ದು.

ಅನ್ಯಧರ್ಮದ ಒಂದು ಪಂಗಡದ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದು, ಅವರು ಎಡವುತ್ತ ಏಳುತ್ತ ಕಲಿತ ಪಾಠ ಯಾವ ಸಂಘಕ್ಕಾದರೂ ಅನ್ವಯಿಸುತ್ತದೆಂಬ ಕಾರಣಕ್ಕೆ. ಕನ್ನಡ ಸಂಘಗಳ ಸದಸ್ಯತ್ವದ ಅರ್ಜಿಯಲ್ಲಿ ‘ಕುಟುಂಬ’ ಎಂಬ ಪದಕ್ಕೆ ನಾವು ಯಾವ ಅರ್ಥ ಕೊಟ್ಟಿದ್ದೇವೆ? ನಮ್ಮೊಡನೆ ಬೆಳೆದ ಮಗಳೊಬ್ಬಳು ತನ್ನ ಸಂಗಾತಿಯಾದ ಇನ್ನೊಬ್ಬ ಹೆಣ್ಣುಮಗಳನ್ನು ದೀಪಾವಳಿಯ ಊಟಕ್ಕೆ ಕರೆತಂದರೆ ಯಾವ ಹೆಸರಿನಿಂದ ಪರಿಚಯಿಸಿಕೊಳ್ಳಬೇಕೆಂಬ ಚಿಂತೆ ಅವಳದಾಗಬೇಕೆ, ನಮ್ಮದಾಗಬೇಕೆ? ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಆ ಅರ್ಜಿಯನ್ನೊಮ್ಮೆ ಮೇಜಿನ ಮೇಲಿಟ್ಟು ಓದಿ ನೋಡಬೇಕೆಂದು ಕೋರುತ್ತೇವೆ.