ಕೆಳಗಿನ ಮನೆ ಅಂಕಲ್ ರೇಡಿಯೊ, ನನ್ನ ಸೌಂಡ್ ಇಂಟರ್‌ಫೇಸ್



ನಮ್ಮ ಕೆಳಗಿನ ಮನೆ ಅಂಕಲ್ ಲೈಸೆನ್ಸ್ ಇರೋ ಹ್ಯಾಮ್, ಅಂದ್ರೆ ಹವ್ಯಾಸಿ ರೇಡಿಯೊ ಆಪರೇಟರ್. ಕಿವಿ ಮಂದ ಆದ್ಮೇಲೆ ರೇಡಿಯೊ ಮೇಲೆ ಬಟ್ಟೆ ಹೊದಿಸಿಟ್ಟಿದ್ರು. ಆ ಕಡೆಯವರ ಮಾತೇ ಕೇಳಿಸದಿದ್ರೆ ಉತ್ತರ ಕೊಡೋದು ಹೇಗೆ? ಒಂದಿನ ನನ್ನ ಪಾಡ್‌ಕಾಸ್ಟ್‌ನ ಸೌಂಡ್ ಇಂಟರ್‌ಫೇಸ್ ನೋಡಿ, "ಏನಪ್ಪಾ, ಇದನ್ನ ನನ್ನ ರೇಡಿಯೊಗೆ ಸೇರಿಸಬಹುದಾ?" ಅಂತ ಕೇಳಿದ್ರು. ನಾನು ಓದಿದ್ದು ಬಿ.ಕಾಂ. ಆದ್ರೂ ಹೂಂ ಅಂದೆ.

ಅವರ ಮನಸ್ಸಲ್ಲಿದ್ದದ್ದು ಎಫ್‌ಟಿ8. ನೊಬೆಲ್ ಪುರಸ್ಕೃತ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ 2017ರಲ್ಲಿ ತಂದ ಡಿಜಿಟಲ್ ವಿಧಾನ. ಇಲ್ಲಿ ಮಾತಿಲ್ಲ. ಕಂಪ್ಯೂಟರ್ ಚಿಕ್ಕ ಸಂದೇಶವನ್ನ ಎಂಟು ಸ್ವರಗಳ ಸದ್ದಾಗಿ ಮಾಡಿ ರೇಡಿಯೊಗೆ ಕೊಡುತ್ತೆ. ಬಂದ ಸದ್ದನ್ನ ಅಕ್ಷರ ಮಾಡಿ ಪರದೆ ಮೇಲೆ ತೋರಿಸುತ್ತೆ. ಗದ್ದಲಕ್ಕಿಂತ ನೂರು ಪಟ್ಟು ಕ್ಷೀಣವಾದ ಸಿಗ್ನಲ್ಲನ್ನೂ ಹಿಡಿಯುತ್ತೆ. ಕಿವಿಯ ಕೆಲಸ ಕಣ್ಣಿಗೆ ಬಂತು!

ಅಂದ್ರೆ ನಮಗೆ ಬೇಕಿದ್ದದ್ದು ಮೂರೇ ದಾರಿ. ರೇಡಿಯೊದಿಂದ ಸದ್ದು ಬರೋಕೆ ಒಂದು, ರೇಡಿಯೊಗೆ ಸದ್ದು ಹೋಗೋಕೆ ಒಂದು, "ಈಗ ಪ್ರಸಾರ ಮಾಡು" ಅಂತ ಹೇಳೋಕೆ ಇನ್ನೊಂದು. ಈ ಮೂರೂ ರೇಡಿಯೊದ ಹಿಂದಿನ ಡೇಟಾ ಸಾಕೆಟ್‌ನಲ್ಲಿ ಇದ್ವು. ಯಾವ ಪಿನ್ ಯಾವುದಕ್ಕೆ ಅನ್ನೋದನ್ನ ಮಾತ್ರ ಮ್ಯಾನ್ಯುಯಲ್ ನೋಡಿಯೇ ಖಚಿತ ಮಾಡ್ಕೊಳ್ಳಿ.

ಮೊದಲ ಸಲ ನಾನು ನೇರವಾಗಿ ಕೇಬಲ್ ಚುಚ್ಚಿದೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ತಕ್ಷಣ ಗುಂಯ್ ಅನ್ನೋ ಸದ್ದು. ಎರಡು ಪೆಟ್ಟಿಗೆಗಳ ಗ್ರೌಂಡ್ ಎರಡು ಕಡೆಯಿಂದ ಸೇರಿದಾಗ ಆ ವೈರಲ್ಲೇ ಕರೆಂಟ್ ಸುತ್ತುತ್ತೆ, ಅದೇ ಗ್ರೌಂಡ್ ಲೂಪ್. ಮದ್ದು ಸುಲಭ: ಹೋಗೋ ದಾರಿಗೊಂದು, ಬರೋ ದಾರಿಗೊಂದು 600 ಓಮ್‌ನ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಸದ್ದು ಕಾಂತಕ್ಷೇತ್ರದ ಮೂಲಕ ದಾಟುತ್ತೆ, ಎರಡೂ ಕಡೆಯ ತಂತಿ ಮುಟ್ಟೋದೇ ಇಲ್ಲ. ಪ್ರಸಾರದ ಸ್ವಿಚ್ಚಿಗೆ ಆಪ್ಟೊಕಪ್ಲರ್ ಹಾಕಿದ್ವಿ, ಅಲ್ಲಿ ದಾಟೋದು ಬೆಳಕು. ಎಲ್ಲಾ ಭಾಗ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಕ್ತು.

ಆಮೇಲೆ ಮಟ್ಟದ ಸಮಸ್ಯೆ. ಇಂಟರ್‌ಫೇಸ್‌ನಿಂದ ಒಂದು ವೋಲ್ಟ್‌ನಷ್ಟು ಬರುತ್ತೆ, ಆ ಸಾಕೆಟ್‌ಗೆ ಕೆಲವು ಹತ್ತು ಮಿಲಿವೋಲ್ಟ್ ಸಾಕು. 10 ಕಿಲೊ-ಓಮ್, 1 ಕಿಲೊ-ಓಮ್ ರೆಸಿಸ್ಟರ್ ಜೋಡಿ ಹಾಕಿ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿದ್ವಿ. ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ, ರೇಡಿಯೊದ ಎಎಲ್‌ಸಿ ಮುಳ್ಳು ಅಲ್ಲಾಡದ ಹಾಗೆ ವಾಲ್ಯೂಮ್ ಇಳಿಸ್ತಾ ಬಂದ್ವಿ. ನನಗಾದ್ರೋ ಜೋರು ಮಾಡೋ ಆಸೆ. ಆದ್ರೆ ಜೋರು ಮಾಡಿದ್ರೆ ಸದ್ದು ಒಡೆಯುತ್ತೆ, ಪಾಡ್‌ಕಾಸ್ಟ್‌ನಲ್ಲಿ ಕ್ಲಿಪ್ ಆದ ಹಾಗೇ. ಇಲ್ಲಿ ಒಬ್ಬೊಬ್ಬರಿಗೆ 50 ಹರ್ಟ್ಸ್ ಜಾಗ. ನಮ್ಮದು ಒಡೆದ್ರೆ ಪಕ್ಕದವರ ಮೇಲೆ ಚೆಲ್ಲುತ್ತೆ.

ಇನ್ನು ಸೆಟ್ಟಿಂಗ್:

ರೇಡಿಯೊ ಯುಎಸ್‌ಬಿ ಮೋಡ್‌ನಲ್ಲಿರಲಿ. ಇದು ಕೇಬಲ್ ಅಲ್ಲ, ಅಪ್ಪರ್ ಸೈಡ್‌ಬ್ಯಾಂಡ್.
ಸ್ಪೀಚ್ ಪ್ರೊಸೆಸರ್ ಆಫ್.
ಕಂಪ್ಯೂಟರ್ ಗಡಿಯಾರ ಸೆಕೆಂಡಿನ ಲೆಕ್ಕದಲ್ಲಿ ಸರಿ ಇರಲಿ, ಸರದಿ ಬದಲಾಗೋದು 15 ಸೆಕೆಂಡಿಗೊಮ್ಮೆ.
ನೋಟಿಫಿಕೇಷನ್ ಸದ್ದು ಲ್ಯಾಪ್‌ಟಾಪ್ ಸ್ಪೀಕರ್‌ಗೆ ಹೋಗಲಿ, ಇಲ್ಲಾಂದ್ರೆ ವಾಟ್ಸಾಪ್‌ನ ಟಿಂಗ್ ಕೂಡ ಆಕಾಶಕ್ಕೆ!
ಪವರ್ ಕಮ್ಮಿ ಇಡಿ. ಪ್ರತಿ ಸಲ 12.64 ಸೆಕೆಂಡ್ ಎಡೆಬಿಡದೆ ಕೆಲಸ ಮಾಡಿ ರೇಡಿಯೊ ಬಿಸಿಯಾಗುತ್ತೆ.

ಲೈಸೆನ್ಸ್ ಅಂಕಲ್‌ದು, ಹಾಗಾಗಿ ಆಂಟೆನಾ ಹಾಕಿ ಪ್ರಸಾರದ ಬಟನ್ ಒತ್ತಿದ್ದೂ ಅವರೇ. 14.074 ಮೆಗಾಹರ್ಟ್ಸ್. ಮೊದಲೆರಡು ಸರದಿ ಏನೂ ಇಲ್ಲ. ನನ್ನ ಕೈ ವಾಲ್ಯೂಮ್ ಕಡೆ ಹೋಯ್ತು. "ಬಿಡಪ್ಪಾ, ಮುಟ್ಬೇಡ" ಅಂದ್ರು. ಮೂರನೇ ಸಲ ಪರದೆ ಮೇಲೆ ಕೆಂಪು ಸಾಲು ಬಂತು. ಅಂಕಲ್ ಕರೆಸಂಕೇತ, ಅದರ ಪಕ್ಕ ಜಪಾನಿನ ಒಂದು ಸ್ಟೇಷನ್. ಅಂಕಲ್ ಕನ್ನಡಕ ಏರಿಸಿ ಆ ಸಾಲನ್ನ ಗಟ್ಟಿಯಾಗಿ ಓದಿದ್ರು, ಮತ್ತೊಮ್ಮೆ ಓದಿದ್ರು.

ಬಟ್ಟೆ ಈಗ ರೇಡಿಯೊ ಮೇಲಿಲ್ಲ. ನನ್ನ ಇಂಟರ್‌ಫೇಸೂ ವಾಪಸ್ ಬಂದಿಲ್ಲ! ಈ ಎಪಿಸೋಡ್ ಫೋನ್‌ನಲ್ಲೇ ರೆಕಾರ್ಡ್ ಮಾಡಿದ್ದು, ಸದ್ದು ಸ್ವಲ್ಪ ಹೆಚ್ಚುಕಮ್ಮಿ ಇದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಮುಂದಿನ ವಾರ ಸಿಗೋಣ.