ಹೆಸರು ಒಂದು, ವಂಶ ಎರಡು

ಕಾಸರಗೋಡಿನ ಮೀನುಪೇಟೆಯಲ್ಲಿ ಒಂದೇ ಬುಟ್ಟಿಯ ಜೀವಿಗೆ ನಾಲ್ಕು ಹೆಸರುಗಳು. ಕನ್ನಡದಲ್ಲಿ ಅದು ಸಿಗಡಿ, ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗಟ, ಮಲಯಾಳದಲ್ಲಿ ಚೆಮ್ಮೀನು. ಇಂಗ್ಲಿಷ್ ಪಾಠದಲ್ಲಿ ಮಾತ್ರ ಮಕ್ಕಳಿಗೆ ‘ಪ್ರಾನ್’, ‘ಶ್ರಿಂಪ್’ ಎಂಬ ಎರಡು ಪದಗಳು ಎದುರಾಗುತ್ತವೆ. ದೊಡ್ಡದು ಪ್ರಾನ್, ಚಿಕ್ಕದು ಶ್ರಿಂಪ್ ಎಂಬುದು ರೂಢಿಯ ಉತ್ತರ. ಪ್ರಾಣಿಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಅಮೆರಿಕದ ಜನರಂತೂ ದೊಡ್ಡದನ್ನೂ ಶ್ರಿಂಪ್ ಎಂದೇ ಕರೆಯುತ್ತಾರೆ.

ಎರಡೂ ಹತ್ತು ಕಾಲಿನ ಜಲಚರಗಳೇ. ಆದರೆ ಪ್ರಾನ್ ವಂಶದ ಕಿವಿರು ಮರದ ಕೊಂಬೆಗಳಂತೆ ಕವಲೊಡೆದಿದ್ದರೆ, ಶ್ರಿಂಪ್ ವಂಶದ್ದು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ. ಪ್ರಾನಿನ ಮುಂದಿನ ಮೂರು ಜೊತೆ ಕಾಲುಗಳ ತುದಿಯಲ್ಲಿ ಪುಟ್ಟ ಇಕ್ಕುಳಗಳಿವೆ; ಶ್ರಿಂಪಿಗೆ ಸಾಮಾನ್ಯವಾಗಿ ಎರಡೇ ಜೊತೆ. ಹೊಟ್ಟೆಯ ಭಾಗದ ಚಿಪ್ಪನ್ನು ಪಕ್ಕದಿಂದ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಪ್ರಾನಿನಲ್ಲಿ ಒಂದೊಂದು ಚಿಪ್ಪೂ ಮಾಡಿನ ಹಂಚಿನಂತೆ ತನ್ನ ಹಿಂದಿನದರ ಮೇಲೆ ಕವಿದಿರುತ್ತದೆ. ಶ್ರಿಂಪಿನಲ್ಲಿ ಎರಡನೆಯ ಚಿಪ್ಪು ಅಗಲವಾಗಿ, ಮೊದಲನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಮುಚ್ಚುತ್ತದೆ.

ತಾಯ್ತನದ ಬಗೆಯೂ ಬೇರೆ. ಪ್ರಾನ್ ಲಕ್ಷಗಟ್ಟಲೆ ಮೊಟ್ಟೆಗಳನ್ನು ಕಡಲಿನ ನೀರಿಗೆ ಬಿಟ್ಟು ಸಾಗುತ್ತದೆ. ಶ್ರಿಂಪ್ ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಗಾಲುಗಳಿಗೆ ಅಂಟಿಸಿಕೊಂಡು, ಮರಿಯಾಗುವವರೆಗೂ ಹೊತ್ತು ತಿರುಗುತ್ತದೆ.

ಈ ಅಳತೆಗೋಲಿನಿಂದ ನೋಡಿದರೆ ಇಂಗ್ಲಿಷ್ ಹೆಸರುಗಳೇ ತಲೆಕೆಳಗಾಗುತ್ತವೆ. ಕುಟ್ಟನಾಡಿನ ಹೊಳೆಗಳಲ್ಲಿ ಸಿಗುವ, ನೀಳವಾದ ನೀಲಿ ತೋಳಿನ ಬೃಹತ್ ಸಿಗಡಿಯನ್ನು ಇಂಗ್ಲಿಷಿನಲ್ಲಿ ಪ್ರಾನ್ ಎನ್ನುವರು. ಅದರ ಚಿಪ್ಪು, ಕಿವಿರು, ಮೊಟ್ಟೆ ಹೊರುವ ರೀತಿ ಎಲ್ಲವೂ ಶ್ರಿಂಪಿನವು. ಮಲಯಾಳದವರು ಅದನ್ನು ಚೆಮ್ಮೀನಿನೊಡನೆ ಬೆರೆಸದೆ, ‘ಆಟ್ಟುಕೊಂಜು’, ಅಂದರೆ ಹೊಳೆಯ ಕೊಂಜು, ಎಂದು ಬೇರೆಯಾಗಿಯೇ ಗುರುತಿಸಿದ್ದಾರೆ.

ಇವೆರಡರ ಪಯಣವೂ ಪರಸ್ಪರ ವಿರುದ್ಧ. ಕಡಲಲ್ಲಿ ಹುಟ್ಟಿದ ಬಿಳಿ ಸಿಗಡಿಯ ಮರಿಗಳು ಬೆಳೆಯಲು ಅಳಿವೆಯೊಳಗೆ ಬಂದು, ಬಲಿತ ಬಳಿಕ ಕಡಲಿಗೆ ಮರಳುತ್ತವೆ. ಸಿಹಿನೀರಿನಲ್ಲಿ ಬಾಳುವ ಕೊಂಜು ಮರಿ ಮಾಡಲು ಉಪ್ಪು ಬೆರೆತ ನೀರಿಗಿಳಿಯುತ್ತದೆ. ಅದರ ಮರಿಗಳು ಮತ್ತೆ ಹೊಳೆಯನ್ನೇರುತ್ತವೆ. ವೆಂಬನಾಡು ಕಾಯಲಿನಲ್ಲಿ, ಗದ್ದೆಗಳಿಗೆ ಉಪ್ಪುನೀರು ನುಗ್ಗದಿರಲೆಂದು ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡಿನ ಬಾಗಿಲುಗಳು ಮುಚ್ಚಿದಾಗ ಎರಡು ವಂಶಗಳ ದಾರಿಯೂ ಕಟ್ಟಿಹೋಗುತ್ತದೆ. ಭತ್ತ ಉಳಿಸುವ ಬಾಗಿಲೇ ಮೀನುಗಾರನ ಬಲೆಯನ್ನು ಬರಿದು ಮಾಡಬಲ್ಲದು.

ಆದ್ದರಿಂದ ಈ ಭೇದ ಕೇವಲ ನಿಘಂಟಿನ ಪ್ರಶ್ನೆಯಲ್ಲ. ಹೊಳೆ ಕಡಲನ್ನು ಸೇರುವ ಎಡೆ ತೆರೆದಿರಬೇಕಾದುದು ಯಾರಿಗಾಗಿ, ಯಾವ ಕಾಲದಲ್ಲಿ ಎಂಬುದನ್ನು ಅದು ತಿಳಿಸುತ್ತದೆ. ಅದನ್ನು ಕಲಿಯಲು ಮಕ್ಕಳಿಗೆ ಇಂಗ್ಲಿಷ್ ಪದಗಳ ಹಂಗು ಬೇಡ. ಮನೆಗೆ ಸಿಗಡಿ ತಂದ ದಿನ, ಸುಲಿಯುವ ಮುನ್ನ, ಎರಡನೆಯ ಚಿಪ್ಪನ್ನು ನೋಡಿದರೆ ಸಾಕು.