ಕಪ್ ಕೊಡುವ ಮುಂಚಿನ ಭಾಷಣ

ಮಕ್ಕಳೇ, ಐರ್ಲೆಂಡಿನ ಗೇಲಿಕ್ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೂ ಹಿಡಿಯಬಹುದು. ತಂಡಕ್ಕೆ 15 ಮಂದಿ. ತಮ್ಮ ಕೌಂಟಿಗಾಗಿ ಆಡುವ ಇವರಿಗೆ ಆಟದಿಂದ ಸಂಬಳವಿಲ್ಲ. ಫೈನಲ್ ನಡೆಯುವುದು ಡಬ್ಲಿನ್‌ನಲ್ಲಿ, 82,000 ಜನ ಹಿಡಿಸುವ ಕ್ರೋಕ್ ಪಾರ್ಕಿನಲ್ಲಿ. ಆಟ ಮುಗಿದ ಮೇಲೆ ಕ್ರೀಡಾಸಂಸ್ಥೆಯ ಅಧ್ಯಕ್ಷರು ಮಾತನಾಡಿ, ಗೆದ್ದ ನಾಯಕನಿಗೆ ಸ್ಯಾಮ್ ಮಗ್ವಾಯರ್ ಕಪ್ ಕೊಡುತ್ತಾರೆ.

ಮಾತು ಉದ್ದವಾದರೆ ಅಭಿಮಾನಿಗಳು ಗೊಣಗದೆ ಇರುತ್ತಾರೆಯೇ? ಗೆದ್ದವರಿಗೆ ಕಪ್ ನೋಡುವ ಆತುರ. ಸೋತವರಿಗೆ ಮನೆ ಸೇರಿದರೆ ಸಾಕು. ಬ್ಯಾಂಕಿನ ಬೀಳ್ಕೊಡುಗೆ ಸಭೆಗಳಲ್ಲಿ ಬೋಂಡಾ ತಣ್ಣಗಾಗುವವರೆಗೆ ಭಾಷಣ ಕೇಳಿದ ನನಗೆ ಆ ಚಡಪಡಿಕೆ ಗೊತ್ತು. ಆದರೂ ಆ ಮಾತು ಬೇಕು. ಹಗಲು ಕೆಲಸ, ಸಂಜೆ ಅಭ್ಯಾಸ ಮಾಡಿ, ಕೊನೆಗೆ ಸೋತು ನಿಂತ ಹುಡುಗರಿಗೆ ಒಂದು ಮೆಚ್ಚುಗೆಯಾದರೂ ಸಿಗಬೇಡವೇ? ಅಧ್ಯಕ್ಷರು ಅದನ್ನು ಮೊದಲು ಹೇಳಲಿ, ಚುಟುಕಾಗಿ ಹೇಳಲಿ. ಗೆದ್ದವರೂ ಚಪ್ಪಾಳೆ ತಟ್ಟುತ್ತಾರೆ.